ಫೋನ್ ಅವರ ಕೈಗೆ ಕೊಡಿ, ಹತ್ತು ನಿಮಿಷ ಸುಮ್ಮನಿರಿ

ಡೊಂಬಿವಲಿಯ ನಮ್ಮ ಮನೆಯಲ್ಲಿ ರಾತ್ರಿ ಊಟ ಮುಗಿದ ಮೇಲೆ ನಾನು ಮೊಬೈಲ್ ಗೇಮ್ ಮಾಡಲು ಕೂರುತ್ತೇನೆ. ಕೋಡ್, ಚಿತ್ರ, ಸದ್ದು ಎಲ್ಲ ನಾನೊಬ್ಬನೇ. ಆಟ ನಮ್ಮ ಕರಾವಳಿಯ ಚೆನ್ನೆಮಣೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಒಂದು ಗುಳಿಯ ಕಾಯಿ ಬಾಚಿ, ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗಬೇಕು. ಮನೆಯವರಿಗೆ ತೋರಿಸಿದಾಗ ಎಲ್ಲರದ್ದೂ ಒಂದೇ ಮಾತು: "ಚೆನ್ನಾಗಿದೆ." ಖುಷಿಯಾಯಿತು. ಆದರೆ ಏನು ಸರಿ ಮಾಡಬೇಕು ಅಂತ ಆ ಮಾತಿನಿಂದ ಗೊತ್ತಾಗಲಿಲ್ಲ.

ಒಬ್ಬರೇ ಗೇಮ್ ಮಾಡುವವರ ದೊಡ್ಡ ತೊಡಕು ಇದೇ. ಯಾವ ಬಟನ್ ಎಲ್ಲಿದೆ ಅಂತ ನಿಮಗೆ ಕಣ್ಣು ಮುಚ್ಚಿದರೂ ಗೊತ್ತು. ಹಾಗಾಗಿ ಹೊಸಬರು ಎಡವುವ ಜಾಗ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹೊರಗಿನವರಿಗೆ ಕೊಟ್ಟೇ ನೋಡಬೇಕು.

ಮೊದಲು ಐದು ಜನ

ನೂರು ಜನ ಬೇಡ, ಐದು ಜನ ಸಾಕು. ಬಳಕೆಯ ತೊಂದರೆಗಳಲ್ಲಿ ಹೆಚ್ಚಿನವು ಐದು ಜನರಲ್ಲೇ ಸಿಕ್ಕಿಬಿಡುತ್ತವೆ ಅಂತ ಬಳಕೆಯ ಸುಲಭತೆ ಪರೀಕ್ಷಿಸುವ ತಜ್ಞ ಜೇಕಬ್ ನೀಲ್ಸನ್ 2000ರಲ್ಲೇ ಬರೆದಿದ್ದಾರೆ. ಕಂಡದ್ದನ್ನು ಸರಿ ಮಾಡಿ, ಆಮೇಲೆ ಬೇರೆ ಐದು ಜನರನ್ನು ಹುಡುಕಿ. ಒಮ್ಮೆ ಆಡಿದವರು ಮತ್ತೆ ಹೊಸಬರಾಗುವುದಿಲ್ಲ, ಅಲ್ವಾ?

ಮುಂಬಯಿಯಲ್ಲಿ ಜನಕ್ಕೆ ಬರವಿಲ್ಲ. ಸೊಸೈಟಿಯ ವಾಚ್‌ಮನ್, ಆಫೀಸಿನ ಸಹೋದ್ಯೋಗಿ, ದಿನಾ ಒಂದೇ ಡಬ್ಬಿಯಲ್ಲಿ ಬರುವ ಲೋಕಲ್ ರೈಲಿನ ಗೆಳೆಯರು. ಮಕ್ಕಳಿಗೆ ಕೊಡುವುದಾದರೆ ಮೊದಲು ಅಪ್ಪ ಅಮ್ಮನನ್ನು ಕೇಳಿ. ಗೇಮ್ ಮಾಡುವ ಗೆಳೆಯರನ್ನು ಈ ಸುತ್ತಿಗೆ ಕರೆಯಬೇಡಿ. ಅವರು ಆಟ ಆಡುವುದಿಲ್ಲ, ಕೋಡ್ ಊಹಿಸುತ್ತಾರೆ. ಲೋಕಲ್‌ನಲ್ಲಿ ನಿಂತವರಿಗೆ ಒಮ್ಮೆಯಾದರೂ ಕೊಡಿ. ಒಂದು ಕೈ ಹಿಡಿಕೆಗೆ, ಒಂದು ಕೈ ಫೋನಿಗೆ. ಮೇಲಿನ ಮೂಲೆಯ ಬಟನ್‌ಗೆ ಹೆಬ್ಬೆರಳು ಮುಟ್ಟುತ್ತದೋ ಇಲ್ಲವೋ ಅಂತ ಎರಡು ಸ್ಟೇಷನ್ ದಾಟುವುದರೊಳಗೆ ತಿಳಿಯುತ್ತದೆ.

ಬಾಯಿ ಮುಚ್ಚಿ, ಬೆರಳು ನೋಡಿ

ಇದೇ ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಫೋನ್ ಕೊಡುವಾಗ ಇಷ್ಟೇ ಹೇಳಿ: "ಆಡಿ ನೋಡಿ. ಮನಸ್ಸಿಗೆ ಬಂದದ್ದನ್ನು ಹೇಳ್ತಾ ಇರಿ. ಏನಾದ್ರೂ ಗೊತ್ತಾಗದಿದ್ರೆ ತಪ್ಪು ಆಟದ್ದು, ನಿಮ್ಮದಲ್ಲ." ಆಮೇಲೆ ಹತ್ತು ನಿಮಿಷ ಮಾತಾಡಬೇಡಿ. ಆಟ ಡೌನ್‌ಲೋಡ್ ಮಾಡಿದ ಸಾವಿರ ಜನರ ಪಕ್ಕ ನೀವು ಕೂತಿರುವುದಿಲ್ಲ.

ಮಾಟುಂಗಾದ ಮೈಸೂರು ಅಸೋಸಿಯೇಷನ್‌ಗೆ ನಾಟಕ ನೋಡಲು ಬಂದಿದ್ದ ಒಬ್ಬ ದೊಡ್ಡಮ್ಮನಿಗೆ ನನ್ನ ಫೋನ್ ಕೊಟ್ಟೆ. ಚಿಕ್ಕಂದಿನಲ್ಲಿ ಚೆನ್ನೆಮಣೆ ಆಡಿದವರು. ಅವರು ಗುಳಿಯ ಮೇಲೆ ಬೆರಳಿಟ್ಟು, ಕಾಯಿ ಬಾಚುವ ಹಾಗೆ ಎಳೆದರು. ಮುಂದಿನ ಗುಳಿಗಳ ಮೇಲೆ ಒಂದೊಂದಾಗಿ ಬೆರಳು ಸರಿಸಿದರು. ಏನೂ ಆಗಲಿಲ್ಲ. ನನ್ನ ಆಟಕ್ಕೆ ಟ್ಯಾಪ್ ಮಾತ್ರ ಗೊತ್ತಿತ್ತು. "ಇದೆಂಥದು ಮಾರಾಯ, ಕಾಯಿ ಕೈಗೇ ಬರುವುದಿಲ್ಲವಲ್ಲ?" ಅಂದರು. "ಒತ್ತಿ ದೊಡ್ಡಮ್ಮ" ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡೆ. ಇನ್ನೂ ಎರಡು ಸಲ ಹಾಗೇ ಎಳೆದು ಫೋನ್ ವಾಪಸ್ ಕೊಟ್ಟರು. ಆ ಎಳೆದ ಬೆರಳು ಕಲಿಸಿದಷ್ಟನ್ನು ಆರು ತಿಂಗಳ "ಚೆನ್ನಾಗಿದೆ" ನನಗೆ ಕಲಿಸಿರಲಿಲ್ಲ.

ಇಂಥದ್ದು ತಪ್ಪಿಹೋಗಬಾರದು ಅಂದರೆ ಒಪ್ಪಿಗೆ ಕೇಳಿ ಸ್ಕ್ರೀನ್ ರೆಕಾರ್ಡ್ ಮಾಡಿ. ಆಂಡ್ರಾಯ್ಡ್ 11ರಿಂದ ಈ ಸೌಲಭ್ಯ ಫೋನಿನಲ್ಲೇ ಇದೆ. ಬೆರಳು ಮುಟ್ಟಿದ ಜಾಗ ತೋರಿಸುವ ಆಯ್ಕೆಯನ್ನೂ ಆನ್ ಮಾಡಿಕೊಳ್ಳಿ. ಆಡಿಸುವುದೂ ರೆಕಾರ್ಡ್ ಮಾಡುವುದೂ ನಿಮ್ಮ ಫೋನಿನಲ್ಲೇ ಇರಲಿ. ಇಲ್ಲದಿದ್ದರೆ ಅವರ ಮೆಸೇಜ್‌ಗಳೂ ಅದರಲ್ಲಿ ಸೇರಿಬಿಡುತ್ತವೆ.

ಕೊನೆಗೆ ಮೂರು ಪ್ರಶ್ನೆ

"ಇಷ್ಟವಾಯ್ತಾ?" ಅಂತ ಮಾತ್ರ ಕೇಳಬೇಡಿ. ಇಲ್ಲ ಅನ್ನಲು ಯಾರಿಗೂ ಮನಸ್ಸು ಬರುವುದಿಲ್ಲ. "ಎಲ್ಲಿ ಗೊಂದಲ ಆಯ್ತು?" "ಅದನ್ನು ಒತ್ತಿದಾಗ ಏನಾಗುತ್ತೆ ಅಂದ್ಕೊಂಡಿದ್ರಿ?" "ಇದು ಎಂಥ ಆಟ ಅಂತ ನಿಮ್ಮ ತಂಗಿಗೆ ಹೇಗೆ ಹೇಳ್ತೀರಿ?" ಮೂರನೆಯದು ನನಗೆ ತುಂಬಾ ಇಷ್ಟ. ಆಟ ಅವರಿಗೆ ಎಷ್ಟು ಅರ್ಥವಾಗಿದೆ ಅನ್ನುವುದು ಆ ಉತ್ತರದಲ್ಲಿ ಇರುತ್ತದೆ.

ಉತ್ತರ ಬರೆದುಕೊಳ್ಳುವಾಗ ಅವರು ಮಾಡಿದ್ದನ್ನೂ ಹೇಳಿದ್ದನ್ನೂ ಬೇರೆ ಬೇರೆಯಾಗಿ ಬರೆಯಿರಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಅಭಿಪ್ರಾಯ ಕೇಳಬೇಡಿ. ಮೊದಲನೆಯವರು ಹೇಳಿದ್ದಕ್ಕೆ ಉಳಿದವರು ಹೂಂ ಅನ್ನುತ್ತಾರೆ. ಒಬ್ಬೊಬ್ಬರನ್ನೇ ಕೇಳಿ. ಟೈಪ್ ಮಾಡಲು ಬೇಸರ ಪಡುವವರಿಗೆ ವಾಯ್ಸ್ ಮೆಸೇಜ್ ಕಳಿಸಲು ಹೇಳಿ.

ದೂರದವರಿಗೆ ಕಳಿಸುವುದು

ಪ್ಲೇ ಸ್ಟೋರ್‌ಗೆ ಆ್ಯಪ್ ಹಾಕುವವರು ಬಳಸುವ ತಾಣ ಗೂಗಲ್ ಪ್ಲೇ ಕನ್ಸೋಲ್. ಅದರ ಇಂಟರ್ನಲ್ ಟೆಸ್ಟ್‌ಗೆ, ಅಂದರೆ ಆಪ್ತರಷ್ಟೇ ಆಡಿ ನೋಡುವ ಮೊದಲ ಪರೀಕ್ಷೆಗೆ, 100 ಜನರವರೆಗೆ ಸೇರಿಸಬಹುದು. ನಿಮ್ಮ ವೈಯಕ್ತಿಕ ಡೆವಲಪರ್ ಖಾತೆ 2023ರ ನವೆಂಬರ್ 13ರ ನಂತರದ್ದಾದರೆ, ಕ್ಲೋಸ್ಡ್ ಟೆಸ್ಟ್‌ನಲ್ಲಿ (ನೀವು ಸೇರಿಸಿದವರಿಗೆ ಮಾತ್ರ ತೆರೆದ ಮುಂದಿನ ಪರೀಕ್ಷೆ) ಕನಿಷ್ಠ 12 ಜನ ಸತತ 14 ದಿನ ಇರಲೇಬೇಕು. ಆಮೇಲಷ್ಟೇ ಎಲ್ಲರಿಗೂ ಬಿಡುಗಡೆ ಮಾಡಲು ಅರ್ಜಿ. ಮೊದಲು 20 ಜನ ಬೇಕಿತ್ತು, 2024ರ ಡಿಸೆಂಬರ್‌ನಲ್ಲಿ ಇಳಿಸಿದರು. ಮಧ್ಯೆ ಒಬ್ಬಿಬ್ಬರು ಬಿಟ್ಟು ಹೋಗಬಹುದು, ಹದಿನೈದು ಜನರನ್ನಾದರೂ ಒಪ್ಪಿಸಿಟ್ಟುಕೊಳ್ಳಿ. ಅವರು ಪ್ಲೇ ಸ್ಟೋರ್‌ನಲ್ಲಿ ಬರೆಯುವ ಅಭಿಪ್ರಾಯ ನಿಮಗೆ ಮಾತ್ರ ಕಾಣುತ್ತದೆ. ಹಾಗಾಗಿ ಕಟುವಾಗಿಯೇ ಬರೆಯಲು ಹೇಳಿ. ಐಫೋನ್‌ನವರಿಗೆ ಇದೇ ಕೆಲಸಕ್ಕೆ ಆ್ಯಪಲ್‌ನ ಟೆಸ್ಟ್‌ಫ್ಲೈಟ್ ಇದೆ. ಹೊರಗಿನವರು 10,000 ಜನರವರೆಗೆ ಸೇರಬಹುದು, ಒಂದು ಬಿಲ್ಡ್ (ನೀವು ಕಳಿಸಿದ ಆಟದ ಒಂದು ಆವೃತ್ತಿ) 90 ದಿನ ನಡೆಯುತ್ತದೆ.

ಯಾವುದನ್ನು ಬದಲಿಸಬೇಕು?

ಒಬ್ಬರು ಎಡವಿದರೆ ಗುರುತು ಹಾಕಿಕೊಳ್ಳಿ, ಮೂವರು ಎಡವಿದರೆ ಅದೇ ವಾರ ಸರಿ ಮಾಡಿ. ಆದರೆ ಅವರು ಸೂಚಿಸಿದ ಮದ್ದನ್ನೇ ಹಚ್ಚಬೇಕಿಲ್ಲ. ನನ್ನ ಐವರಲ್ಲಿ ಮೂವರು "ಹಿಂದಿನ ನಡೆಗೆ ಹೋಗುವ ಬಟನ್ ಹಾಕಿ" ಅಂದರು. ರೆಕಾರ್ಡಿಂಗ್ ಮತ್ತೆ ಮತ್ತೆ ನೋಡಿದೆ. ಕಾಯಿಗಳು ಗುಳಿಯಿಂದ ಗುಳಿಗೆ ಎಷ್ಟು ಬೇಗ ಓಡುತ್ತಿದ್ದವು ಅಂದರೆ, ಕೊನೆಯ ಕಾಯಿ ಎಲ್ಲಿ ಬಿತ್ತು ಅಂತ ಯಾರಿಗೂ ಕಾಣುತ್ತಿರಲಿಲ್ಲ. ಬಟನ್ ಹಾಕಲಿಲ್ಲ. ವೇಗ ಅರ್ಧಕ್ಕೆ ಇಳಿಸಿ, ಪ್ರತಿ ಕಾಯಿಗೂ ಟಕ್ ಅನ್ನುವ ಸದ್ದು ಕೊಟ್ಟೆ. ಎರಡನೇ ಸುತ್ತಿನ ಐವರಲ್ಲಿ ಒಬ್ಬರೂ ಆ ಬಟನ್ ಕೇಳಲಿಲ್ಲ.

ಬದಲಾವಣೆ ಮಾಡಿದ ಮೇಲೆ, ತೊಂದರೆ ತೋರಿಸಿಕೊಟ್ಟವರಿಗೆ ಒಂದು ಮಾತು ತಿಳಿಸಿ. ಈಗ ನನ್ನ ಆಟದಲ್ಲಿ ಬೆರಳು ಎಳೆದರೂ ಕಾಯಿ ಬರುತ್ತದೆ. ಅದನ್ನು ಹೇಳಲು ಫೋನ್ ಮಾಡಿದಾಗ ದೊಡ್ಡಮ್ಮ 14 ದಿನದ ಪಟ್ಟಿಗೆ ತಮ್ಮ ಹೆಸರು ಕೊಟ್ಟರು. ಜೊತೆಗೆ ಅವರ ಅಕ್ಕನ ಹೆಸರನ್ನೂ.