ವಯಸ್ಸಾದವರ ಜೊತೆ ಕೌನ್ಸೆಲಿಂಗ್: ನಾನು ಮಾಡೋ ರೀತಿ

ಅಪ್ಪನ್ನೋ ಅಮ್ಮನ್ನೋ ಕೌನ್ಸೆಲಿಂಗ್‌ಗೆ ಕರ್ಕೊಂಡು ಬರೋ ಮಕ್ಕಳು ಒಂದು ಮಾತು ಕೇಳೇ ಕೇಳ್ತಾರೆ, "ಈ ವಯಸ್ಸಲ್ಲಿ ಮಾತಾಡ್ಸಿ ಏನು ಬದಲಾಗತ್ತೆ ಮೇಡಂ, ವಯಸ್ಸಾದ್ಮೇಲೆ ಹೀಗೇ ಅಲ್ವಾ?" ಈ ಅನುಮಾನ ತುಂಬಾ ಹಳೇದು. ಐವತ್ತು ದಾಟ್ತಿರೋರ ಮನಸ್ಸು ಬಾಗಲ್ಲ, ಅವ್ರಿಗೆ ಮಾತಿನ ಚಿಕಿತ್ಸೆ ಹಿಡಿಯಲ್ಲ ಅಂತ ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ 1905ರಲ್ಲೇ ಬರೆದಿದ್ರು. ಆಮೇಲೆ ನಡೆದಿರೋ ಸಂಶೋಧನೆ ಬೇರೇನೇ ಹೇಳತ್ತೆ, ಸಿಬಿಟಿ (ಯೋಚನೆ, ನಡವಳಿಕೆ ಬದಲಾಯಿಸ್ಕೊಳೋ ಥೆರಪಿ), ಎದುರಿಗಿರೋ ಸಮಸ್ಯೆ ಬಿಡಿಸೋದನ್ನ ಕಲಿಸೋ ಪ್ರಾಬ್ಲಂ ಸಾಲ್ವಿಂಗ್ ಥೆರಪಿ, ಕಳೆದ ಬದುಕನ್ನ ಮೆಲುಕು ಹಾಕಿಸೋ ಥೆರಪಿ, ಇವೆಲ್ಲ ವಯಸ್ಸಾದವರ ಡಿಪ್ರೆಶನ್ನಿಗೂ ಕೆಲಸ ಮಾಡತ್ತೆ. ನಾನು ಕಣ್ಣಾರೆ ನೋಡ್ತಿರೋದೂ ಅದನ್ನೇ. ಆದ್ರೆ ಮೂವತ್ತು ವರ್ಷದವ್ರಿಗೆ ನಡೆಸೋ ಸೆಷನ್ನನ್ನ ಹಾಗೇ ತಂದು ಎಪ್ಪತ್ತೈದರವ್ರ ಮುಂದೆ ಇಟ್ರೆ ಆಗಲ್ಲ, ಕೂರಿಸೋ ಜಾಗದಿಂದ ಹಿಡಿದು ಕೇಳೋ ಪ್ರಶ್ನೆ ತನಕ ಬದಲಾಯಿಸ್ಕೋಬೇಕು, ನಾನು ಅದನ್ನ ಹೇಗೆ ಮಾಡ್ಕೊಂಡೆ ಅಂತ ಬರೀತೀನಿ.

ಮೊದಲನೇದು ದೇಹ. ಡಾಕ್ಟರ್ ಹತ್ರ ಒಂದ್ಸಲ ಪೂರ್ತಿ ಚೆಕಪ್ ಆಗದೇ ನಾನು ಥೆರಪಿ ಶುರು ಮಾಡಲ್ಲ. ಥೈರಾಯ್ಡ್ ಕಮ್ಮಿ ಆದ್ರೂ ಬಿ12 ಕಮ್ಮಿ ಆದ್ರೂ ಮನುಷ್ಯ ಡಿಪ್ರೆಶನ್ ಬಂದವ್ರ ಥರಾನೇ ಮಂಕಾಗಿ ಕೂತಿರ್ತಾರೆ, ಸ್ಟಿರಾಯ್ಡ್ ಥರದ ಕೆಲವು ಔಷಧಿಗಳೂ ಮನಸ್ಸನ್ನ ಏರುಪೇರು ಮಾಡತ್ತೆ. ಅದಕ್ಕೆ "ಮನೇಲಿ ತಗೋತಿರೋ ಮಾತ್ರೆ ಎಲ್ಲಾ ಒಂದು ಚೀಲಕ್ಕೆ ಹಾಕ್ಕೊಂಡು ಬನ್ನಿ" ಅಂತ ಮೊದಲೇ ಹೇಳಿರ್ತೀನಿ. ನಿದ್ದೆ ಮಾತ್ರೆ ಇದ್ರೆ ವಿಶೇಷವಾಗಿ ಗಮನಿಸ್ತೀನಿ, ಅದು ರಾತ್ರಿ ಎದ್ದಾಗ ಬೀಳೋ ಅಪಾಯ ಜಾಸ್ತಿ ಮಾಡತ್ತೆ, ಹಾಗಂತ ನಿಲ್ಲಿಸಿ ಅಂತ ನಾನು ಹೇಳಲ್ಲ, ಹೇಳಲೂಬಾರ್ದು, ಬರೆದುಕೊಟ್ಟ ಡಾಕ್ಟರಿಗೆ ವಿಷಯ ಮುಟ್ಟಿಸ್ತೀನಿ. ಇನ್ನೊಂದು, ಮೊನ್ನೆ ತನಕ ಸರಿಯಾಗಿದ್ದೋರು ಎರಡು ದಿನದಿಂದ ಏನೇನೋ ಮಾತಾಡ್ತಿದಾರೆ, ಬೆಳಗ್ಗೆ ಸರಿ ಇರ್ತಾರೆ ಸಂಜೆ ಗುರುತೇ ಹಿಡಿಯಲ್ಲ ಅಂದ್ರೆ ಅದು ಡೆಲಿರಿಯಂ, ಅಂದ್ರೆ ದೇಹದ ಕಾಯಿಲೆಯಿಂದ ದಿಢೀರಂತ ಬರೋ ಬುದ್ಧಿ ಗೊಂದಲ, ಇರಬಹುದು, ಮೂತ್ರದ ಸೋಂಕಿನಿಂದಲೂ ಹಾಗಾಗತ್ತೆ. ಅಂಥವ್ರು ಹೋಗಬೇಕಾಗಿರೋದು ಆಸ್ಪತ್ರೆಗೆ, ಅದೂ ಅವತ್ತೇ.

ಕಿವಿ ವಿಷಯ. ಎಷ್ಟೋ ಜನ ಕೇಳಿಸದೇ ಇದ್ರೂ ತಲೆ ಆಡಿಸ್ತಾರೆ, ಮತ್ತೆ ಮತ್ತೆ ಕೇಳೋಕೆ ಅವ್ರಿಗೆ ಮುಜುಗರ. ಕಿರುಚಿದ್ರೆ ಪ್ರಯೋಜನ ಇಲ್ಲ, ವಯಸ್ಸಾದ್ಮೇಲೆ ಮೊದಲು ಮಂಕಾಗೋದು ತಾರಕದ ಸ್ವರಗಳು, ಕಿರುಚಿದಾಗ ನಮ್ಮ ದನಿ ಅದೇ ತಾರಕಕ್ಕೆ ಏರತ್ತೆ. ಫ್ಯಾನ್ ಆರಿಸಿ, ಬೆಳಕು ನನ್ನ ಮುಖದ ಮೇಲೆ ಬೀಳೋ ಹಾಗೆ ಎದುರಿಗೆ ಕೂತು, ದನಿಯ ಶ್ರುತಿ ತಗ್ಗಿಸಿ ನಿಧಾನವಾಗಿ ಮಾತಾಡ್ತೀನಿ. ಒಂದು ಸಲಕ್ಕೆ ಒಂದೇ ವಿಷಯ, ಮುಗಿದ್ಮೇಲೆ ಮಾತಾಡಿದ್ದನ್ನ ದಪ್ಪಕ್ಷರದಲ್ಲಿ ಒಂದು ಹಾಳೇಲಿ ಬರೆದು ಕೈಗೆ ಕೊಡ್ತೀನಿ.

ಆಮೇಲೆ ಮನೆಯವ್ರು. ಇದು ಸೂಕ್ಷ್ಮ. ಅಪ್ಪನ ಹತ್ರ "ಹೇಗಿದ್ದೀರಿ ಸರ್" ಅಂತ ಕೇಳಿದ್ರೆ ಮಗ ಉತ್ತರ ಕೊಡ್ತಾನೆ, ಅಪ್ಪ ಗೋಡೆ ನೋಡ್ತಾ ಕೂತಿರ್ತಾರೆ. ಮಗನಿಗೆ ಕಾಳಜಿ ಇಲ್ಲ ಅಂತಲ್ಲ, ಕಾಳಜಿ ಇರೋದಕ್ಕೇ ಬಾಯಿ ಹಾಕೋದು, ಆದ್ರೆ ಹಾಗೆ ಮಾತು ಕಳ್ಕೊಂಡಿರೋದೂ ಆ ಹಿರಿಯರ ನೋವಿನ ಒಂದು ಭಾಗ. ಮೊದಲ ಹತ್ತು ನಿಮಿಷ ಎಲ್ಲರ ಜೊತೆ ಮಾತಾಡಿ ಆಮೇಲೆ ಮನೆಯವ್ರನ್ನ ಹೊರಗೆ ಕೂರಿಸ್ತೀನಿ, ಮತ್ತೆ ಎಲ್ಲರ ಎದುರಿಗೇ ಹೇಳಿರ್ತೀನಿ, ಇಲ್ಲಿ ಇವ್ರು ಹೇಳಿದ್ದು ಇವ್ರ ಒಪ್ಪಿಗೆ ಇಲ್ದೆ ಹೊರಗೆ ಬರಲ್ಲ, ಪ್ರಾಣಕ್ಕೆ ಅಪಾಯ ಇದ್ರೆ ಅಥವಾ ಯಾರಾದ್ರೂ ಹಿಂಸೆ ಕೊಡ್ತಿದ್ರೆ ಮಾತ್ರ ಬೇರೆ. ಬಾಗಿಲು ಮುಚ್ಚಿದ ಮೇಲೆ ಎಷ್ಟೋ ಜನರ ದನೀನೇ ಬೇರೆ ಆಗತ್ತೆ.

ದುಃಖ ಇದೆ ಅಂತ ಈ ವಯಸ್ಸಿನವ್ರು ನೇರವಾಗಿ ಹೇಳೋದು ಕಮ್ಮಿ. ಮಂಡಿ ನೋವು, ಹೊಟ್ಟೆ ಸರಿ ಇಲ್ಲ, ನಿದ್ದೆ ಇಲ್ಲ, ಹೀಗೆ ಬರತ್ತೆ ಮಾತು. ಅದಕ್ಕೆ ನಾನು ಜಿಡಿಎಸ್ ಬಳಸ್ತೀನಿ, ವಯಸ್ಸಾದವರಿಗೆ ಅಂತಲೇ ಮಾಡಿರೋ ಡಿಪ್ರೆಶನ್ ಸ್ಕೇಲು, ಅದರ ಚಿಕ್ಕ ಆವೃತ್ತೀಲಿ 15 ಪ್ರಶ್ನೆ, ಎಲ್ಲದಕ್ಕೂ ಹೌದು ಅಥವಾ ಇಲ್ಲ, ಅಷ್ಟೇ. ಮೈ ನೋವಿನ ಪ್ರಶ್ನೆಗಳನ್ನ ಬೇಕಂತಲೇ ಬಿಟ್ಟಿದಾರೆ, ಯಾಕಂದ್ರೆ ಈ ವಯಸ್ಸಲ್ಲಿ ಮೈ ನೋವಿಗೆ ಸಾವಿರ ಕಾರಣ ಇರತ್ತೆ. ನಾನೇ ಓದಿ ಹೇಳ್ತೀನಿ, ಕನ್ನಡಕ ಹುಡುಕೋ ತಾಪತ್ರಯ ಬೇಡ. ಐದು ಅಥವಾ ಮೇಲೆ ಬಂದ್ರೆ ಇನ್ನೂ ಆಳವಾಗಿ ನೋಡಬೇಕು ಅಂತ ಅರ್ಥ, ಸ್ಕೋರ್ ನೋಡಿ ಕಾಯಿಲೆ ಹೆಸರು ಹಚ್ಚೋ ಹಾಗಿಲ್ಲ. ಸಾಯೋ ಯೋಚನೆ ಬರತ್ತಾ ಅಂತ ಮಾತ್ರ ನೇರವಾಗಿ ಕೇಳ್ತೀನಿ. ಕೇಳಿದ್ರೆ ತಲೇಲಿ ಹುಳ ಬಿಟ್ಟಂಗಾಗತ್ತೆ ಅನ್ನೋದು ಸುಳ್ಳು, ಬಹಳಷ್ಟು ಜನ ಯಾರೋ ಕೇಳಿದ್ರಲ್ಲ ಅಂತ ಹಗುರ ಆಗ್ತಾರೆ. ಜಗತ್ತಿನ ಬಹಳ ಕಡೆ ವಯಸ್ಸಾದ ಗಂಡಸರಲ್ಲಿ ಆತ್ಮಹತ್ಯೆ ಪ್ರಮಾಣ ಜಾಸ್ತಿ, ಹಾಗಿದ್ರೂ ಅವ್ರನ್ನ ಈ ಪ್ರಶ್ನೆ ಕೇಳೋರೇ ಇಲ್ಲ. ಮಾತ್ರೆ ತಗೊಳೋದು ಸುಮ್ಮನೆ ನಿಲ್ಲಿಸೋದು, ಊಟ ಬಿಡೋದು, ಇದೂ ಅದರ ಸುಳಿವೇ ಆಗಿರಬಹುದು.

ಒಬ್ಬರ ಬಗ್ಗೆ ಹೇಳ್ತೀನಿ, ಗುರುತು ಸಿಗದ ಹಾಗೆ ವಿವರ ಬದಲಾಯಿಸಿದೀನಿ. ಎಪ್ಪತ್ತು ದಾಟಿದ ಹೆಂಗಸು, ಯಜಮಾನ್ರು ಸ್ಟ್ರೋಕ್ ಆಗಿ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ರು, ತೀರಿಕೊಂಡು ವರ್ಷದ ಮೇಲಾಗಿತ್ತು. "ನಂಗೇನೂ ಆಗಿಲ್ಲ ತಾಯಿ, ನಿದ್ದೆ ಒಂದು ಬರಲ್ಲ" ಅಂದ್ರು. ನಾನು ಹೇಗನ್ಸತ್ತೆ ಏನನ್ಸತ್ತೆ ಅಂತ ಕೇಳ್ಲಿಲ್ಲ, "ನಿನ್ನೆ ರಾತ್ರಿ ದೀಪ ಆರಿಸಿದಾಗಿಂದ ಹೇಳಿ" ಅಂದೆ. ಹನ್ನೊಂದಕ್ಕೆ ಎಚ್ಚರ, ಒಂದಕ್ಕೆ ಎಚ್ಚರ, ಮೂರಕ್ಕೆ, ಐದಕ್ಕೆ. ಎರಡೆರಡು ಗಂಟೆ. ಹಾಸಿಗೆ ಹುಣ್ಣು ಆಗಬಾರ್ದು ಅಂತ ಎರಡು ಗಂಟೆಗೊಮ್ಮೆ ಯಜಮಾನ್ರನ್ನ ಮಗ್ಗುಲು ಬದಲಾಯಿಸ್ತಿದ್ದ ಅಭ್ಯಾಸ ಮೈಗೆ ಹತ್ಕೊಂಡುಬಿಟ್ಟಿತ್ತು, ಅವ್ರು ಹೋದ್ರೂ ಅದು ಹೋಗಿರ್ಲಿಲ್ಲ. ಇದನ್ನ ಹೇಳಿದಾಗ ಅವ್ರು ತುಂಬಾ ಹೊತ್ತು ಸುಮ್ಮನಿದ್ದು ಆಮೇಲೆ, "ಅವ್ರು ಹೋದ ರಾತ್ರಿ ಒಂದೇ ನಂಗೆ ಎಚ್ಚರ ಆಗ್ಲಿಲ್ಲ" ಅಂದ್ರು.

ನಿಮ್ಮ ತಪ್ಪಲ್ಲ ಅಂತ ಮನೇಲಿ ಎಲ್ಲರೂ ಹೇಳಿಯಾಗಿತ್ತು, ಅದು ಅವ್ರಿಗೆ ತಾಗಿರ್ಲಿಲ್ಲ, ನಾನೂ ಹೇಳಿದ್ರೆ ಅದೇ ಸಾಲಿಗೆ ಸೇರ್ತಿತ್ತು. ಬದಲಿಗೆ ಆ ವರ್ಷಗಳ ಒಂದೊಂದು ರಾತ್ರಿ ಹೇಗಿರ್ತಿತ್ತು ಅಂತ ಹೇಳಿಸ್ದೆ, ಮಗ್ಗುಲು ಹೇಗೆ ತಿರುಗಿಸ್ತಿದ್ರಿ, ದಿಂಬು ಎಲ್ಲಿಡ್ತಿದ್ರಿ, ಅವ್ರು ಸನ್ನೆ ಮಾಡಿದ್ದು ನಿಮಗೆ ಹೇಗೆ ಗೊತ್ತಾಗ್ತಿತ್ತು ಅಂತ. ಕೆಲವು ವಾರ ಬರೀ ಇದೇ. ಆಮೇಲೆ ಕೇಳಿದೆ, "ಇಷ್ಟು ಮಾಡಿದ ಇನ್ನೊಬ್ಬ ಹೆಂಗಸು ನಿಮ್ಮ ಮುಂದೆ ಕೂತು ಆ ಒಂದು ರಾತ್ರಿ ನಿದ್ದೆ ಹೋದೆ ಅಂದ್ರೆ ನೀವೇನಂತೀರಿ?" ಅವ್ರು ಅವತ್ತು ಮೊದಲನೇ ಸಲ ಅತ್ರು. ಒಂದು ವರ್ಷ ಆಗಿದೆ ಇನ್ನೂ ಅಳೋದಾ ಅನ್ನೋರಿಗೆ ಒಂದು ಮಾತು, ಸಾವಿನ ದುಃಖ ದಿನನಿತ್ಯದ ಬದುಕನ್ನೇ ಬಿಡದೆ ಹಿಡಿದಿಟ್ರೆ ಅದಕ್ಕೆ ಈಗ ಪ್ರತ್ಯೇಕ ಹೆಸರೇ ಇದೆ, ಪ್ರೊಲಾಂಗ್ಡ್ ಗ್ರೀಫ್ ಡಿಸಾರ್ಡರ್, ಅಮೆರಿಕದ ಮನೋವೈದ್ಯರ ಸಂಘ ಮಾಡೋ ಮನೋರೋಗಗಳ ಕೈಪಿಡಿ ಡಿಎಸ್ಎಂನ 2022ರ ಪರಿಷ್ಕರಣೇಲಿ ಸೇರಿದೆ, ಅದಕ್ಕೆ ಚಿಕಿತ್ಸೇನೂ ಇದೆ.

ಅದರ ಜೊತೆಗೇ ದಿನಕ್ಕೆ ಒಂದು ಆಕಾರ ಕೊಡೋ ಕೆಲಸ, ಇದಕ್ಕೆ ಬಿಹೇವಿಯರಲ್ ಆಕ್ಟಿವೇಶನ್ ಅಂತಾರೆ. ಮನಸ್ಸು ಸರಿ ಹೋದ್ಮೇಲೆ ಏನಾದ್ರೂ ಮಾಡೋಣ ಅಂತ ಕಾಯದೇ ಚಿಕ್ಕದು ಏನಾದ್ರೂ ಶುರು ಮಾಡೋದು, ಮಾಡೋ ಮುಂಚೆ ಮನಸ್ಸು ಹತ್ತಕ್ಕೆ ಎಷ್ಟಿತ್ತು ಆಮೇಲೆ ಎಷ್ಟಾಯ್ತು ಅಂತ ಬರೆಯೋದು. ಪಾರ್ಕು, ಭಜನೆ, ಕ್ಲಬ್ಬು ಅಂತ ನಾವೇ ಪಟ್ಟಿ ಕೊಟ್ರೆ ನಿಲ್ಲಲ್ಲ, ಅವ್ರ ಕೈಗೆ ಬರೋ ಕೆಲಸದಿಂದ ಹುಟ್ಬೇಕು. ಇವ್ರಿಗೆ ಏನು ಬರ್ತಿತ್ತು? ಹಾಸಿಗೆ ಹಿಡಿದವ್ರನ್ನ ನೋಡ್ಕೊಳೋದು ಯಾವ ಟ್ರೈನಿಂಗೂ ಇಲ್ಲದೆ ಕರತಲಾಮಲಕ ಆಗಿತ್ತು. ಸಂಬಂಧಿಕರಲ್ಲಿ ಒಬ್ಬ ಹುಡುಗಿ ತನ್ನ ತಾಯಿನ ನೋಡ್ಕೊಳೋಕಾಗ್ದೆ ಒದ್ದಾಡ್ತಿದ್ಲು, ವಾರಕ್ಕೊಮ್ಮೆ ಹೋಗಿ ಅವಳಿಗೆ ಹೇಳ್ಕೊಟ್ರು. ಆ ದಿನಗಳ ಅಂಕಿ ನೋಡಿದ್ರೇ ಗೊತ್ತಾಗ್ತಿತ್ತು. ರಾತ್ರಿ ಈಗಲೂ ಒಂದ್ಸಲ ಎಚ್ಚರ ಆಗತ್ತಂತೆ, ಮತ್ತೆ ನಿದ್ದೆ ಹತ್ತತ್ತೆ. ಜಿಡಿಎಸ್ ಸ್ಕೋರು ಐದಕ್ಕಿಂತ ಕೆಳಗೆ ಬಂತು.

ಹಳೇದನ್ನ ಹೇಳಿಸೋದಕ್ಕೆ ಶಾಸ್ತ್ರದ ಆಧಾರಾನೂ ಇದೆ. ರಾಬರ್ಟ್ ಬಟ್ಲರ್ ಅನ್ನೋ ಮನೋವೈದ್ಯರು 1963ರಲ್ಲಿ ಲೈಫ್ ರಿವ್ಯೂ ಬಗ್ಗೆ ಬರೆದ್ರು, ಮುದುಕರು ಹಳೇ ಕಥೆ ಹೇಳೋದು ಅರಳು ಮರಳಿನ ಲಕ್ಷಣ ಅಂತ ಎಲ್ಲರೂ ಅಂದ್ಕೊಂಡಿದ್ದ ಕಾಲದಲ್ಲಿ ಅದು ಬದುಕಿನ ಲೆಕ್ಕ ಸರಿ ಮಾಡ್ಕೊಳೋ ಸಹಜ ಕೆಲಸ ಅಂದ್ರು. ಒಂದೇ ಕಥೆ ಪದೇ ಪದೇ ಬಂದ್ರೆ ನಾನು ತಡೆಯಲ್ಲ, ಅದ್ರಲ್ಲಿ ಯಾವ ಜಾಗಕ್ಕೆ ಬಂದಾಗ ದನಿ ಇಳಿಯತ್ತೆ ಅಂತ ಕೇಳಿಸ್ಕೋತೀನಿ.

ಮರೆವಿನ ಬಗ್ಗೆ ಚಿಕ್ಕದಾಗಿ. ಡಿಪ್ರೆಶನ್ ಇರೋರು ಸಾಮಾನ್ಯವಾಗಿ ತಾವೇ "ನಂಗೆ ಎಲ್ಲಾ ಮರೆತುಹೋಗ್ತಿದೆ" ಅಂತ ದೂರ್ತಾರೆ, ಡಿಮೆನ್ಶಿಯಾ ಅನ್ನೋ ಮರೆವಿನ ಕಾಯಿಲೇಲಿ ಹೆಚ್ಚಾಗಿ ಮನೆಯವ್ರೇ ಹೇಳೋದು. ಆದ್ರೆ ಎರಡೂ ಒಟ್ಟಿಗೇ ಇರಬಹುದು, ಇದನ್ನ ತೀರ್ಮಾನ ಮಾಡೋದು ಡಾಕ್ಟರು, ನಾನಲ್ಲ.

ಕೊನೇಗೆ, ಥೆರಪಿನ ಒಂದೇ ಸಲಕ್ಕೆ ಮುಗಿಸಲ್ಲ. ಆಗಲೇ ಎಷ್ಟೋ ಜನರನ್ನ ಕಳ್ಕೊಂಡಿರೋರಿಗೆ ನಾವೂ ಥಟ್ಟಂತ ಎದ್ದು ಹೋದ್ರೆ ಅದೂ ಒಂದು ಪೆಟ್ಟೇ. ವಾರಕ್ಕೊಮ್ಮೆ ಇದ್ದಿದ್ದನ್ನ ಹದಿನೈದು ದಿನಕ್ಕೆ, ಆಮೇಲೆ ತಿಂಗಳಿಗೆ, ಆಮೇಲೆ ಒಂದು ಫೋನಿಗೆ ತರ್ತೀನಿ. ಜೊತೆಗೆ ದಪ್ಪಕ್ಷರದ ಒಂದು ಹಾಳೆ ಮಾಡ್ತೀವಿ: ಏನು ಶುರುವಾದ್ರೆ ಎಚ್ಚರ ಆಗ್ಬೇಕು, ಆಗ ಏನು ಮಾಡ್ಬೇಕು, ಮೊದಲು ಯಾರಿಗೆ ಫೋನ್ ಮಾಡ್ಬೇಕು. ಮಾತುಗಳೆಲ್ಲ ಅವ್ರದ್ದೇ, ನಾನು ಬರೆದುಕೊಡೋದಷ್ಟೇ. ಮನೆಯವ್ರಿಗೂ ಅದರ ಒಂದು ಪ್ರತಿ ಕೊಡ್ತೀನಿ, ಆ ಹಿರಿಯರು ಒಪ್ಪಿದ್ರೆ ಮಾತ್ರ.