ರಕ್ತನಾಳದ ಒಳಪದರ ಚೆನ್ನಾಗಿದೆಯೇ? ಪರೀಕ್ಷಿಸುವುದು ಹೀಗೆ

ಬಿಪಿ ಜಾಸ್ತಿ ಅಂದ ಕೂಡಲೇ ಎಲ್ಲರ ಗಮನ 140, 90 ಎನ್ನುವ ಅಂಕಿಗಳ ಮೇಲೆ. ಆದರೆ ಆ ಒತ್ತಡವನ್ನು ಹಗಲೂ ರಾತ್ರಿ ತಡೆದುಕೊಳ್ಳುವುದು ರಕ್ತನಾಳದ ಒಳಪದರ, ಅಂದರೆ ಎಂಡೋಥೀಲಿಯಂ. ಒಂದೇ ಸಾಲು ಜೀವಕೋಶಗಳು, ಅಷ್ಟೇ. ರಕ್ತ ಜೋರಾಗಿ ಹರಿದಾಗ ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುತ್ತದೆ, ನಾಳ ಹಿಗ್ಗುತ್ತದೆ. ಒಳಪದರ ಉಜ್ಜಿಹೋದ ಮೊಲದ ರಕ್ತನಾಳ ಅಸಿಟೈಲ್‌ಕೋಲಿನ್ ಎಂಬ, ನಾಳ ಸಡಿಲಿಸುವ ರಾಸಾಯನಿಕ ಹಾಕಿದರೂ ಸಡಿಲವಾಗುವುದಿಲ್ಲ ಎಂದು ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ 1980ರಲ್ಲಿ ತೋರಿಸಿದರು. 1998ರಲ್ಲಿ ಅವರಿಗೆ ನೊಬೆಲ್ ಬಂತು.

ಬಿಪಿ ಇರುವ ಅನೇಕರಲ್ಲಿ ನಾಳ ಹಿಗ್ಗುವುದು ಕಡಿಮೆ. ಎಷ್ಟು ಕಡಿಮೆ ಅಂತ ಸೂಜಿ ಚುಚ್ಚದೆಯೇ ನೋಡಬಹುದು.

ಮೊದಲು ತಯಾರಿ. ಕನಿಷ್ಠ 6 ಗಂಟೆ ಊಟ, ಕಾಫಿ, ಸಿಗರೇಟು, ವ್ಯಾಯಾಮ ಯಾವುದೂ ಬೇಡ. ಮಾತ್ರೆಯನ್ನು ಮಾತ್ರ ನೀವಾಗಿಯೇ ಬಿಡಬೇಡಿ, ಡಾಕ್ಟರನ್ನು ಕೇಳಿ.

ಆಮೇಲೆ ಸುಮ್ನೆ ಮಲಗಿ, ಸ್ವಲ್ಪ ಹೊತ್ತು ಸುಧಾರಿಸಿಕೊಳ್ಳಬೇಕು. ಮೊಣಕೈ ಮೇಲಿನ ರಕ್ತನಾಳದ ಅಗಲವನ್ನು ಅಲ್ಟ್ರಾಸೌಂಡಿನಲ್ಲಿ ಅಳೆಯುತ್ತಾರೆ. ಮೊಣಕೈ ಕೆಳಗೆ ಬಿಪಿ ಪಟ್ಟಿ ಕಟ್ಟಿ, ನಿಮ್ಮ ಮೇಲಿನ ಬಿಪಿಗಿಂತ ಸುಮಾರು 50 ಹೆಚ್ಚಾಗುವಷ್ಟು ಗಾಳಿ ತುಂಬಿ 5 ನಿಮಿಷ ಬಿಡುತ್ತಾರೆ. ಕೈ ಜೋಮು ಹಿಡಿಯುತ್ತದೆ, ಅಂಗೈ ಬಿಳಿಚಿಕೊಳ್ಳುತ್ತದೆ. ಹೆದರಬೇಡಿ, ಆದರೆ ಕೈ ಅಲುಗಾಡಿಸಬೇಡಿ.

ಪಟ್ಟಿ ಸಡಿಲಿಸಿದ ತಕ್ಷಣ ರಕ್ತ ನುಗ್ಗುತ್ತದೆ. ಇದೇ ಮುಖ್ಯ ಗಳಿಗೆ. ಮುಂದಿನ ಎರಡು ಮೂರು ನಿಮಿಷ ನಾಳ ಎಷ್ಟು ಹಿಗ್ಗಿತು ಎಂದು ಬಿಡದೆ ದಾಖಲಿಸಬೇಕು. 4 ಮಿಲಿಮೀಟರ್ ನಾಳ ಶೇ 7ರಷ್ಟು ಹಿಗ್ಗಿದರೆ ಹೆಚ್ಚುವುದು ಬರೀ 0.28 ಮಿಲಿಮೀಟರ್! ಕೂದಲೆಳೆಯಷ್ಟು ಜಾರಿದರೂ ಲೆಕ್ಕ ಕೆಡುತ್ತದೆ. ನನ್ನ ಮಟ್ಟಿಗೆ ಇಲ್ಲಿ ಯಂತ್ರಕ್ಕಿಂತ ಅದನ್ನು ಹಿಡಿದವರ ಕೈ ದೊಡ್ಡದು.

ಕೊನೆಗೆ ಕೆಲವೊಮ್ಮೆ ನಾಲಿಗೆ ಕೆಳಗೆ ನೈಟ್ರೋಗ್ಲಿಸರಿನ್ ಕೊಡುತ್ತಾರೆ. ಇದು ನೇರವಾಗಿ ನಾಳದ ಗೋಡೆಯ ಸ್ನಾಯುವನ್ನೇ ಸಡಿಲಿಸುತ್ತದೆ. ಆಗ ನಾಳ ಚೆನ್ನಾಗಿ ಹಿಗ್ಗಿದರೆ, ದೋಷ ಸ್ನಾಯುವಿನದ್ದಲ್ಲ, ಒಳಪದರದ್ದು ಅಂತ ತಿಳಿಯಬಹುದು. ಸಿಲ್ಡೆನಾಫಿಲ್‌ನಂಥ (ವಯಾಗ್ರ) ಮಾತ್ರೆ ತೆಗೆದುಕೊಂಡಿದ್ದರೆ ಸಂಕೋಚಪಡದೆ ಮೊದಲೇ ಹೇಳಿಬಿಡಿ, ಎರಡೂ ಸೇರಿದರೆ ಬಿಪಿ ಅಪಾಯಕಾರಿಯಾಗಿ ಕುಸಿಯುತ್ತದೆ.

ಇದು ಹೆಚ್ಚಾಗಿ ಸಂಶೋಧನೆಗೆ ಬಳಸುವ ಪರೀಕ್ಷೆ. ಎಲ್ಲಿ ಮಾಡ್ತಾರೆ ಅಂತ ಹುಡುಕಿಕೊಂಡು ಹೋಗಬೇಕಿಲ್ಲ. ಒಳಪದರಕ್ಕೆ ಬೇಕಾದದ್ದು ಮನೆಯಲ್ಲೇ ಇದೆ: ದಿನಾ ಚುರುಕು ನಡಿಗೆ, ಧೂಮಪಾನಕ್ಕೆ ವಿದಾಯ, ತಪ್ಪದೆ ಮಾತ್ರೆ. ಉಪ್ಪು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಲಿ. ಉಪ್ಪಿನಕಾಯಿ, ಹಪ್ಪಳದ್ದೂ ಆ ಲೆಕ್ಕದಲ್ಲೇ ಬರಬೇಕು, ಅಲ್ವಾ?