ಕ್ಲೋ ಅಪಾಲ್ಟಾ ಬಾಟಲಿ ತೆರೆಯುವುದು ಹೇಗೆ?

ಚಿಲಿ ದೇಶದ ಕೊಲ್ಚಾಗುವಾ ಕಣಿವೆಯಲ್ಲಿ ಅಪಾಲ್ಟಾ ಎಂಬ ಜಾಗವಿದೆ. ಮೂರು ಕಡೆ ಬೆಟ್ಟ, ನಡುವೆ ದ್ರಾಕ್ಷಿ ತೋಟ. ಫ್ರಾನ್ಸಿನ ಮಾರ್ನಿಯೆ ಲಾಪೊಸ್ತೋಲ್ ಮನೆತನದವರು 1994ರಲ್ಲಿ ಇಲ್ಲಿ ವೈನ್ ಮಾಡಲು ಶುರು ಮಾಡಿದರು. 1997ರ ಬೆಳೆಯಿಂದ ಕ್ಲೋ ಅಪಾಲ್ಟಾ ಎಂಬ ರೆಡ್ ವೈನ್ ಮೊದಲ ಸಲ ತಯಾರಾಯಿತು. 2005ರ ಬೆಳೆಯ ವೈನನ್ನು ಅಮೆರಿಕದ 'ವೈನ್ ಸ್ಪೆಕ್ಟೇಟರ್' ಪತ್ರಿಕೆ 2008ರಲ್ಲಿ ವರ್ಷದ ವೈನ್ ಎಂದು ಆರಿಸಿತು. ಈ ವೈನಿಗೆ ಸಲಹೆಗಾರರಾಗಿದ್ದ ಫ್ರಾನ್ಸಿನ ವೈನ್ ತಜ್ಞ ಮಿಶೆಲ್ ರೋಲಾನ್, ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ದ್ರಾಕ್ಷಿ ತೋಟಕ್ಕೂ ಸಲಹೆ ಕೊಟ್ಟವರು.

ಇದು ಫ್ರಾನ್ಸಿನ ವೈನ್ ಪ್ರದೇಶವಾದ ಬೋರ್ಡೋದ ಪದ್ಧತಿಯಲ್ಲಿ ಮಾಡಿದ್ದು, ಅಂದರೆ ಹಲವು ದ್ರಾಕ್ಷಿ ತಳಿಗಳ ಮಿಶ್ರಣ. ಇಲ್ಲಿ ಹೆಚ್ಚಿನ ಪಾಲು ಕಾರ್ಮೆನೆರ್ ದ್ರಾಕ್ಷಿಯದು, ಜೊತೆಗೆ ಕ್ಯಾಬರ್ನೆ ಸೊವಿನ್ಯೋನ್, ಮೆರ್ಲೋ. ಕಾರ್ಮೆನೆರ್ ಮೂಲತಃ ಬೋರ್ಡೋದ್ದೇ. 19ನೇ ಶತಮಾನದಲ್ಲಿ ಬೇರಿಗೆ ಹತ್ತುವ ಫಿಲಾಕ್ಸೆರಾ ಕೀಟ ಅಲ್ಲಿನ ತೋಟಗಳನ್ನು ತಿಂದುಹಾಕಿದ ಮೇಲೆ ಈ ತಳಿ ಹೆಚ್ಚುಕಡಿಮೆ ಕಾಣೆಯಾಯಿತು. ಅದಕ್ಕೆ ಮೊದಲೇ ಚಿಲಿಗೆ ಬಂದಿದ್ದ ಗಿಡಗಳನ್ನು ಜನ ಮೆರ್ಲೋ ಎಂದೇ ತಿಳಿದು ಬೆಳೆಸುತ್ತಿದ್ದರು. 1994ರಲ್ಲಿ ಫ್ರಾನ್ಸಿನ ತಜ್ಞ ಜಾನ್ ಮಿಶೆಲ್ ಬೂರ್ಸಿಕೋ ಅದನ್ನು ಗುರುತಿಸಿದರು. ಈ ಹಣ್ಣು ಮೆರ್ಲೋಗಿಂತ ವಾರಗಟ್ಟಲೆ ತಡವಾಗಿ ಮಾಗುತ್ತದೆ. ಬೇಗ ಕಿತ್ತರೆ ಹಸಿ ದೊಣ್ಣೆಮೆಣಸಿನಕಾಯಿ ವಾಸನೆ. ಚಿಲಿಯ ಒಣ ಹವೆಯಲ್ಲಿ ಚೆನ್ನಾಗಿ ಮಾಗಿದರೆ ಕಪ್ಪು ಹಣ್ಣಿನ ರುಚಿ, ನುಣುಪು.

ಈಗ ಬಾಟಲಿಗೆ ಬರೋಣ. ತೆರೆಯುವ ಹಿಂದಿನ ದಿನವೇ ಅದನ್ನು ನೆಟ್ಟಗೆ ನಿಲ್ಲಿಸಿ. ಗಸಿ ತಳಕ್ಕೆ ಇಳಿಯಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಬಿಸಿ ಎಷ್ಟಿದೆ ಎಂಬುದು. ರೆಡ್ ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕು ಅಂತಾರಲ್ವಾ? ಆ ಮಾತು ಯುರೋಪಿನ ತಣ್ಣನೆಯ ಮನೆಗಳದ್ದು. ನಮ್ಮ ಮನೆಗಳಲ್ಲಿ ಬೇಸಿಗೆಗೆ 28–30 ಡಿಗ್ರಿ ಸಾಮಾನ್ಯ. ಅಷ್ಟು ಬಿಸಿಯಲ್ಲಿ ಆಲ್ಕೋಹಾಲೇ ಮೂಗಿಗೆ ಹೊಡೆಯುತ್ತದೆ, ಹಣ್ಣಿನ ಪರಿಮಳ ಸಿಗುವುದೇ ಇಲ್ಲ. ಈ ವೈನಿಗೆ 16–18 ಡಿಗ್ರಿ ಸರಿ. ಒಂದೂವರೆ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ಬಾಟಲಿ ಮುಟ್ಟಿದರೆ ತಂಪೆನಿಸಬೇಕು, ಕೊರೆಯಬಾರದು. ಐಸ್ ಮಾತ್ರ ಖಂಡಿತ ಬೇಡ.

ಬಾಟಲಿಯ ಬಾಯಿ ಅಂಚಿನ ಕೆಳಗೆ ಕಾರ್ಕ್ ಮುಚ್ಚಿರುವ ತೆಳು ಹಾಳೆಯನ್ನು ಕತ್ತರಿಸಿ, ಬಟ್ಟೆಯಿಂದ ಒರೆಸಿ. ಕಾರ್ಕ್ ತೆಗೆಯುವ ತಿರುಪನ್ನು ಅದರ ನಡುಮಧ್ಯಕ್ಕೆ ಇಳಿಸಿ, ನಿಧಾನಕ್ಕೆ ಎಳೆಯಿರಿ. ಹಳೆಯ ಕಾರ್ಕ್ ಪುಡಿಯಾದರೆ ಗಾಬರಿ ಬೇಡ, ತೆಳು ಮಲ್ ಬಟ್ಟೆಯಲ್ಲಿ ಸೋಸಿದರಾಯಿತು.

ಆಮೇಲೆ ಡಿಕ್ಯಾಂಟರ್‌ಗೆ, ಅಂದರೆ ವೈನ್ ಗಾಳಿಯಾಡಲು ಬಿಡುವ ಗಾಜಿನ ಹೂಜಿಗೆ, ಬಗ್ಗಿಸಿ. ಇಲ್ಲದಿದ್ದರೆ ಅಗಲ ತಳದ ಗಾಜಿನ ಜಗ್ಗೇ ಸಾಕು. ಬಾಟಲಿಯ ಕತ್ತಿನ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ಒಂದೇ ಧಾರೆಯಲ್ಲಿ ಸುರಿಯಿರಿ. ಕಪ್ಪು ಗಸಿಯ ಎಳೆ ಕತ್ತಿನ ಹತ್ತಿರ ಬಂದ ತಕ್ಷಣ ನಿಲ್ಲಿಸಿ. ವೈನಿಗೆ ಏಳೆಂಟು ವರ್ಷವಷ್ಟೇ ಆಗಿದ್ದರೆ ಒಂದೂವರೆ ಗಂಟೆ ಗಾಳಿಯಾಡಲು ಬಿಡಿ, ಒಗರು ಇಳಿಯುತ್ತದೆ. ಹದಿನೈದು ವರ್ಷ ದಾಟಿದ್ದರೆ ಬಗ್ಗಿಸಿ ಬೇಗ ಕುಡಿಯಿರಿ. ಹಳೆಯ ವೈನಿನ ಪರಿಮಳ ಜಾಸ್ತಿ ಹೊತ್ತು ಗಾಳಿ ತಡೆಯುವುದಿಲ್ಲ.

ದೊಡ್ಡ ಲೋಟಕ್ಕೆ ಮೂರನೇ ಒಂದು ಭಾಗ ಮಾತ್ರ ಹಾಕಿ.

ಊಟದ ವಿಷಯದಲ್ಲಿ ನಾವು ಸ್ವಲ್ಪ ಎಚ್ಚರವಾಗಿರಬೇಕು. ಚಿಲಿಯಲ್ಲಿ ಕೆಂಡದ ಮೇಲೆ ಸುಟ್ಟ ಮಾಂಸದ ಜೊತೆ ಕುಡಿಯುತ್ತಾರೆ. ಕೊಬ್ಬು, ಉಪ್ಪು ಎರಡೂ ವೈನಿನ ಒಗರನ್ನು ಹದ ಮಾಡುತ್ತವೆ. ಒಣಮೆಣಸಿನಕಾಯಿ ಖಾರ ಅದರ ಉಲ್ಟಾ: ಒಗರೂ ಏರುತ್ತದೆ, ಗಂಟಲೂ ಉರಿಯುತ್ತದೆ. ಹಾಗಾಗಿ ಕೆಂಪು ಮಸಾಲೆಯ ಸಾರು ಇನ್ನೊಂದು ದಿನಕ್ಕಿರಲಿ. ಹದವಾಗಿ ಕಾಳುಮೆಣಸು ಹಾಕಿದ ಮಟನ್ ಚಾಪ್ಸ್ ಚೆನ್ನಾಗಿ ಹೊಂದುತ್ತದೆ. ಸಸ್ಯಾಹಾರಿಗಳಿಗೆ ಬೆಣ್ಣೆಯಲ್ಲಿ ಹುರಿದ ಅಣಬೆ, ಸುಟ್ಟ ಬದನೆಕಾಯಿ, ಗಟ್ಟಿ ಚೀಸ್.

ಉಳಿದರೆ ಬಾಟಲಿಗೇ ವಾಪಸ್ ಹಾಕಿ, ಕಾರ್ಕ್ ಬಿಗಿದು ಫ್ರಿಜ್‌ನಲ್ಲಿಡಿ. ಎರಡು ದಿನದೊಳಗೆ ಮುಗಿಸಿ. ಕುಡಿಯುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಡುವುದನ್ನು ಮರೆಯಬೇಡಿ.